ಅಧ್ಯಕ್ಷರು ಹೇಳಿದ ದಾರಿ

ಚಟ್ಟದ ಬಿದಿರಿಗೆ ಹುರಿ ಸುತ್ತುತ್ತಿದ್ದ ಚನ್ನಯ್ಯ ಗಂಟನ್ನು ಅರ್ಧಕ್ಕೆ ಬಿಟ್ಟು ತಲೆ ಎತ್ತಿದ. ಮಗ ಸಿದ್ಧಾರ್ಥ ಎದುರಿಗೆ ನಿಂತಿದ್ದ. ತಾಂಡ್ಯದ ಕಾರ್ಖಾನೆಯ ನೀಲಿ ಅಂಗಿ ಇನ್ನೂ ಮೈಮೇಲೇ ಇತ್ತು. ಸುದ್ದಿ ಕೇಳಿ ಪಾಳಿಯಿಂದ ನೇರ ಬಂದವನಿಗೆ ಬಟ್ಟೆಯ ನೆನಪೆಲ್ಲಿ?

"ಅಪ್ಪ, ಅವ್ವನ್ನ ದೊಡ್ಡಬೀದೀಲೇ ಒತ್ಕಂಡೋಗದು. ಕಾಲುವೆ ಏರಿ ಮೇಲಲ್ಲ."

"ಮೊದ್ಲು ಈ ಗಂಟು ಇಡ್ಕೊ ಬಾ," ಎಂದ ಚನ್ನಯ್ಯ.

ಕೇರಿಯಿಂದ ಹೆಣ ಹೊರಟರೆ ದೊಡ್ಡಬೀದಿಯ ಮೂಲೆಯಲ್ಲಿ ಎಡಕ್ಕೆ ತಿರುಗಿ, ಕಾಲುವೆ ಏರಿ ಹಿಡಿದು ಸ್ಮಶಾನ ಸೇರುವುದು ಆ ಊರಿನ ವಾಡಿಕೆ. ದೊಡ್ಡಬೀದಿ ಮೇಲ್ಜಾತಿಯವರದು. ಕೇರಿಯವರು ಬದುಕಿದ್ದಾಗ ಅಲ್ಲಿ ಓಡಾಡಬಹುದು, ವೋಟು ಕೇಳಬಹುದು, ಪಂಚಾಯ್ತಿ ಕಚೇರಿಗೂ ಹೋಗಬಹುದು. ಸತ್ತ ಮೇಲೆ ಮಾತ್ರ ಅಪ್ಪಣೆ ಇಲ್ಲ. ಚನ್ನಯ್ಯನ ಅವ್ವನನ್ನು ಮಳೆಗಾಲದಲ್ಲಿ ಆ ಏರಿಯ ಮೇಲೆ ಹೊತ್ತವರು ಕೆಸರಿನಲ್ಲಿ ಜಾರಿ ಕಾಲುವೆಗೇ ಬಿದ್ದಿದ್ದರು. 

ಹೆಂಡತಿ ಮಂಗಳಮ್ಮನದು ಒಳ್ಳೆಯ ಸಾವು. ಉಂಡು, ಗಂಡನನ್ನು ಒಂದಿಷ್ಟು ಬಯ್ದು ಮಲಗಿದವಳು ಏಳಲಿಲ್ಲ. ತಿ. ನರಸೀಪುರದ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣು. ತೊಂಬತ್ತಮೂರರ ಪಂಚಾಯ್ತಿ ಚುನಾವಣೆಯಲ್ಲಿ ಗೆದ್ದು ಸದಸ್ಯೆಯಾದವಳು ಮತ್ತೆ ಆ ಕುರ್ಚಿ ಬಿಟ್ಟವಳಲ್ಲ. ಕೇರಿಗೆ ನಲ್ಲಿ ತಂದಳು, ಅಂಗನವಾಡಿ ತಂದಳು. "ನಿನ್ನ ಪಂಚಾಯ್ತಿ ಮುದ್ದೆ ತೊಳಸ್ತದಾ?" ಎಂದು ಚನ್ನಯ್ಯ ರೇಗಿಸುತ್ತಿದ್ದ. ಮುದ್ದೆ ತೊಳಸುತ್ತಿದ್ದವನು ಅವನೇ. ಅದರಲ್ಲಿ ಅವನಿಗೆ ಸುಖವೂ ಇತ್ತು.

ಈಗ ಅವನಿಗೆ ಎರಡೂ ಬೇಡವಾಗಿತ್ತು. ಅವಳನ್ನು ಏರಿಯ ಮೇಲೆ ಕಳಿಸಲು ಮನಸ್ಸಿಲ್ಲ. ಹೆಣವನ್ನು ಬೀದಿಯಲ್ಲಿಳಿಸಿ ಹೊಡೆದಾಡುವುದೂ ಸಲ್ಲ.

*

ಹೋದ ವರ್ಷ ಮೈಸೂರಿನಿಂದ ಒಂದು ಸಂಸ್ಥೆಯ ತಂಡ ಜೀಪಿನಲ್ಲಿ ಬಂದಿತ್ತು. ಜನರನ್ನೆಲ್ಲ ಸಮನಾಗಿ ಕಾಣುತ್ತೇವೆಂದು ಸಹಿ ಹಾಕಿದ ದೇಶಗಳು ಜಿನೀವಾದಲ್ಲಿ ವಿಶ್ವಸಂಸ್ಥೆಯ ಸಮಿತಿಯ ಮುಂದೆ ಲೆಕ್ಕ ಒಪ್ಪಿಸಬೇಕಂತೆ. ದಿಲ್ಲಿ ಹೇಳುವುದು ಹಳ್ಳಿಯಲ್ಲಿ ಎಷ್ಟು ನಿಜ ಎಂದು ತಿಳಿಯಲು ಬಂದವರು ಅವರು. ಜೊತೆಗೊಬ್ಬಳು ವಿದೇಶದ ಹೆಂಗಸು. ಪಂಚಾಯ್ತಿ ಕಚೇರಿ ಮುಂದೆ ಶಾಮಿಯಾನ, ಎಳನೀರು, ಬೀಗರ ಮನೆಯ ಸಡಗರ.

"ಸಹಿ ಹಾಕೋದು ದಿಲ್ಲಿ, ನಡೆಸಿಕೊಡೋದು ಪಂಚಾಯ್ತಿ. ಅದಕ್ಕೇ ನಿಮ್ಮನ್ನ ಕೇಳ್ತಿದೀವಿ," ಎಂದಳು ತಂಡದ ಹುಡುಗಿ. "ಕೇರಿಯವರ ಹೆಣ ಯಾವ ದಾರೀಲಿ ಹೋಗುತ್ತೆ?"

ದೊಡ್ಡಬೀದಿಯವನೇ ಆದ ಪಂಚಾಯ್ತಿ ಅಧ್ಯಕ್ಷ ರಾಚಯ್ಯ ಎದೆ ಸೆಟೆಸಿದ. "ನಮ್ಮೂರಲ್ಲಿ ಬೇದವೇ ಇಲ್ಲ ಕಣವ್ವ. ಯಾರ್ ಸತ್ರೂ ದೊಡ್ಡಬೀದೀಲೇ ಓಗದು. ನಾನೇ ಮುಂದೆ ನಿಂತು ಕಳಿಸ್ಕೊಡ್ತೀನಿ."

ಶಾಮಿಯಾನದ ಕೆಳಗೆ ಹತ್ತು ಗಂಟಲು ಕೆಮ್ಮಿದವು. ಎಲ್ಲರ ಕಣ್ಣೂ ಸದಸ್ಯೆ ಮಂಗಳಮ್ಮನ ಮೇಲೆ. ಅವಳು ಸೆರಗು ಸರಿಮಾಡಿಕೊಂಡು ನಕ್ಕಳು.

"ಅದ್ಯಕ್ಸರು ಏಳಿದ್ದ ಅಂಗಂಗೇ ಆಯಮ್ಮಂಗೂ ಅವ್ರ ಬಾಸೇಲಿ ಏಳ್ಬುಡವ್ವ. ಒಂದು ಮಾತೂ ಬಿಡ್ಬ್ಯಾಡ."

ಮನೆಗೆ ಬಂದ ಮೇಲೆ ಚನ್ನಯ್ಯ ಕೂಗಾಡಿದ. "ಸುಳ್ಳಿಗೆ ಸೈ ಅಂದ್ಬುಟ್ಟಲ್ಲ, ನಾಚ್ಕೆ ಆಗಾಕಿಲ್ವ?"

"ಸುಳ್ಳು ಅಂದಿದ್ರೆ ಆವಯ್ಯ ಇನ್ನೊಂದು ಸುಳ್ಳೇಳ್ತಿದ್ದ. ಈಗ ಅದ ನಿಜ ಮಾಡೋ ಕೆಲ್ಸ ಆವಯ್ಯಂದೇ. ಕೇರೀಲಿ ಯಾರ್ ಮೊದ್ಲು ಸಾಯ್ತಾರೋ ನೋಡಮು, ಬುಡು."

ಆಮೇಲೆ ಕೇರಿಯಲ್ಲಿ ಸಾವೇ ಆಗಲಿಲ್ಲ. ರಾಚಯ್ಯನಂತೂ ಮದುವೆಮನೆಗಳಲ್ಲಿ ಎಲೆಯಡಿಕೆ ಮೆಲ್ಲುತ್ತ, "ನನ್ನ ಮಾತು ಜಿನೀವಾಗಂಟ ಓಗ್ಬುಟ್ಟದೆ," ಎಂದು ಬಿಳಿಗೆರೆ ಹೋಬಳಿಗೆಲ್ಲ ಸಾರಿಕೊಂಡು ಬಂದ.

*

ರಾಚಯ್ಯ ಹಾರ ಹಿಡಿದು ಬಂದ. ಹೆಣದ ಪಾದದ ಬಳಿ ಇಟ್ಟ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಪಂಚಾಯ್ತಿಯಲ್ಲಿ ಅವಳಷ್ಟು ಅವನೊಡನೆ ಜಗಳ ಆಡಿದವರು ಬೇರೆ ಯಾರೂ ಇರಲಿಲ್ಲ. ಆಮೇಲೆ ಚನ್ನಯ್ಯನನ್ನು ಪಕ್ಕಕ್ಕೆ ಕರೆದ.

"ಬಿಸ್ಲು ಏರ್ತಾ ಅದೆ ಕಣಪ್ಪ. ಏರಿ ಮೇಲೆ ನೆಳ್ಳದೆ. ಅತ್ಲಾಗೇ..."

ಸಿದ್ಧಾರ್ಥ ಮುನ್ನುಗ್ಗಿದ. ಚನ್ನಯ್ಯ ಅವನ ರಟ್ಟೆ ಹಿಡಿದುಕೊಂಡ. ಮಾತು ತಾನಾಗಿ ಬಂತು.

"ಅಂಗೇ ಮಾಡ್ಬೋದಿತ್ತು ಅದ್ಯಕ್ಸರೇ. ಆದ್ರೆ ನಾಳೀಕೆ ಜಿನೀವಾದೋರು ಕೇಳುದ್ರೆ ನಾನೇನು ಏಳ್ಳಿ? ನಮ್ಮ ಅದ್ಯಕ್ಸರು ಸುಳ್ಳೇಳಿದ್ರು ಅನ್ಲಾ? ನನ್ನ ಬಾಯಲ್ಲಿ ಬರಾಕಿಲ್ಲ."

ಹೆಣದ ತಲೆದೆಸೆಯಲ್ಲಿ ಕೂತು ಅಳುತ್ತಿದ್ದ ಮುದುಕಿ ರಾಮಮ್ಮ ಕಿಸಕ್ಕನೆ ನಕ್ಕು, ಮತ್ತೆ ಅಳಲು ಶುರುಮಾಡಿದಳು. ರಾಚಯ್ಯನ ಮುಖ ಕೆಂಪಾಯಿತು.

"ನಾನು ಸುಳ್ಳೇಳ್ದೆ ಅನ್ನೋನು ಯಾವನ್ಲಾ?" ಎಂದವನೇ ಟವೆಲು ಕೊಡವಿ ಹೊರಟುಹೋದ. ಎಲ್ಲಿಗೆ, ಯಾಕೆ, ಯಾರಿಗೂ ತಿಳಿಯಲಿಲ್ಲ.

ಬುದ್ಧಂ ಶರಣಂ ಹೇಳಿ ಮಂಗಳಮ್ಮನನ್ನು ಎತ್ತಿದರು. ಕೇರಿಯ ಚಿಕ್ಕಮಾದು ಮುಂದೆ ತಮಟೆ ಬಡಿಯುತ್ತ ನಡೆದ. ಮೂಲೆ ಬಂತು. ಚಿಕ್ಕಮಾದು ಎಡಕ್ಕೆ ತಿರುಗಿಬಿಟ್ಟ. ಹೊತ್ತವರೂ ತಿರುಗಿದರು. ಜಗಳಕ್ಕೆ ಸಿದ್ಧನಾಗಿದ್ದ ಸಿದ್ಧಾರ್ಥನ ಕಾಲೂ ತಿರುಗಿತ್ತು. ತಲೆಮಾರುಗಳ ಅಭ್ಯಾಸ, ಯಾರೂ ಹೇಳಬೇಕಾಗಿರಲಿಲ್ಲ. ಚನ್ನಯ್ಯ ಏರಿಯ ಮಣ್ಣು ಕಂಡು ಬೆಚ್ಚಿಬಿದ್ದ.

"ಲೇ ಚಿಕ್ಕಮಾದು! ಅತ್ಲಾಗ್ ಎಲ್ಲೋ ಓಯ್ತೀಯ? ಇತ್ಲಾಗ್ ಕಣ್ಲಾ!"

ಎಲ್ಲರೂ ಹಿಂದಿರುಗಿ ಬಂದರೆ, ದೊಡ್ಡಬೀದಿಯ ನಡುವೆ ರಾಚಯ್ಯ ನಿಂತಿದ್ದ. ಬೀದಿಯವರೊಂದಿಗೆ ಆಗಲೇ ಕಚ್ಚಾಡಿದ್ದನೆಂದು ಕಾಣುತ್ತದೆ, ಬನ್ನಿ ಎಂದ ದನಿ ಬಿದ್ದುಹೋಗಿತ್ತು. ಅವನು ಬೆನ್ನು ತಿರುಗಿಸಿ ಮುಂದೆ ನಡೆದ. ತಮಟೆ ಹಿಂದೆ ಬಂತು. ಒಂದೆರಡು ಬಾಗಿಲು ದಢಾರನೆ ಮುಚ್ಚಿಕೊಂಡವು. ಚನ್ನಯ್ಯ ಅತ್ತ ನೋಡಲಿಲ್ಲ. ಅವನಿಗೆ ಅಳು ಬಂತು, ನಗುವೂ ಬಂತು.

ರಾಚಯ್ಯನ ಮನೆ ಮುಂದೆ ಒಣಗಲೆಂದು ಹುರುಳಿ ಹರಡಿತ್ತು, ಬೀದಿಯ ಈ ಅಂಚಿನಿಂದ ಆ ಅಂಚಿನವರೆಗೆ. ತಮಟೆ ನಿಂತಿತು. ಅವನ ಹೆಂಡತಿ ಚನ್ನಾಜಮ್ಮ ಪೊರಕೆ ಹಿಡಿದು ಜಗಲಿಯಿಂದಿಳಿದಳು.

"ತಡೀರಪ್ಪ ವಸಿ, ಕಾಳು ತುಳೀಬ್ಯಾಡಿ," ಎನ್ನುತ್ತ ಬಗ್ಗಿ ಗುಡಿಸತೊಡಗಿದಳು. ಹುರುಳಿ ಎರಡೂ ಬದಿಗೆ ಸರಿಯಿತು. ಅವಳು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಗುಡಿಸಿದಂತೆಲ್ಲ, ಮಂಗಳಮ್ಮನ ಮುಂದೆ ಒಂದು ಚಟ್ಟ ಹೋಗುವಷ್ಟು ಅಗಲದ ನೆಲ ತೆರೆದುಕೊಳ್ಳುತ್ತ ಹೋಯಿತು.