ಸೆರ್ತಿ ಓದಿದ್ದು

"ಕಳೆ ಸಾಯ್ಲಿ ಅಂತ ಔಸ್ದಿ ಕೊಟ್ಟಿರೋದು ಕಣೇ ಲೌಡಿ, ನೀನ್ ಸಾಯ್ಲಿ ಅಂತಲ್ಲ! ಏಳೇ ಮ್ಯಾಕೆ!"

ಮೇಸ್ತ್ರಿ ಪಾರ್ಮಿನ್ ತನ್ನ ಕೈಯಲ್ಲಿದ್ದ ಕೋಲಿನಿಂದ ಇನಾ ಸೆರ್ತಿಯ ಬೆನ್ನಿಗೆ ಕಟ್ಟಿದ್ದ ಡಬ್ಬಿಯನ್ನು ಬಡಿದ. ಒಳಗಿದ್ದ ನೀಲಿ ನೀರು ಕುಲುಕಿ, ಸಡಿಲ ಮುಚ್ಚಳದ ಸಂದಿಯಿಂದ ಅವಳ ಕುತ್ತಿಗೆಗೆ ಚಿಮ್ಮಿತು. ಅವಳು ತಾಳೆಮರದ ಬುಡವನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದಳು. ಕಣ್ಣಿಗೆ ಕತ್ತಲೆ ಬಂದಿತ್ತು.

"ತಲೆ ತಿರುಗ್ತು ಮೇಸ್ತ್ರಿ."

"ತಿರುಗ್ದೆ ಏನ್ಮಾಡ್ತದೆ? ಗಂಡ ನಿದ್ದೆ ಮಾಡಕ್ ಬಿಡ್ನಿಲ್ವೇನೋ." ಅವನೇ ಹೇಳಿ ಅವನೇ ನಕ್ಕ. "ಈ ಸಾಲು ಮುಗೀದೆ ಮನೆ ಕಡೆ ಮುಖ ಮಾಡಿದ್ರೆ ಹಾಜ್ರಿ ಇಲ್ಲ, ತಿಳ್ಕೊ."

ಅವನ ಮೋಟಾರುಬೈಕಿನ ಸದ್ದು ದೂರವಾದ ಮೇಲೆ ಪಕ್ಕದ ಸಾಲಿನಿಂದ ಮರ್ನಿ ಓಡಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಮದುವೆಯಾಗಿ ವರ್ಷ ತುಂಬದ ಹುಡುಗಿ, ನಾಲ್ಕು ತಿಂಗಳ ಬಸುರಿ. "ಅವನ್ ಬಾಯಿಗೆ ಹುಳ ಬೀಳ. ಏಳಕ್ಕ, ನಿನ್ ಸಾಲು ನಾನೂ ಒಂಚೂರು ಹೊಡೀತೀನಿ."

ಸಮುದ್ರದಾಚೆಯ ನಿಯಾಸ್ ದ್ವೀಪದಿಂದ ಈ ಎಣ್ಣೆತಾಳೆ ತೋಟಕ್ಕೆ ಕೂಲಿಗೆ ಬಂದವರಲ್ಲಿ ಮಗು ಹುಟ್ಟಿದ ಮೇಲೆ ಹೆತ್ತವರಿಗೆ ಸ್ವಂತ ಹೆಸರು ಉಳಿಯುವುದಿಲ್ಲ. ಸೆರ್ತಿಯ ತಾಯಿ ಇನಾ ಸೆರ್ತಿ, ತಂದೆ ಅಮಾ ಸೆರ್ತಿ. ಕಂಪನಿಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಆ ಹೆಸರೂ ಇರಲಿಲ್ಲ; ಗಂಡನ ಹೆಸರಿನ ಕೆಳಗೆ ಒಂದು ಗೀಟು, ಅಷ್ಟೆ. ಆರು ವರ್ಷದಿಂದ ಆ ಗೀಟು ದಿನವೂ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಸಾಲು ಸಾಲು ತಾಳೆಯ ಬುಡಕ್ಕೆ ಕಳೆನಾಶಕ ಹೊಡೆಯುತ್ತಿತ್ತು.

ಕೂಲಿಗಳ ಲೈನ್ ಮನೆಗಳ ಹಿಂದೆ ತಗಡಿನ ಶಾಲೆ. ಮೊದಲೆಲ್ಲ ಅಲ್ಲಿ ಮಕ್ಕಳು ಬೋರ್ಡಿನ ಮೇಲಿದ್ದುದನ್ನು ನೋಡಿ ಬರೆದು, ಅಳಿಸಿ, ಮತ್ತೆ ಅದನ್ನೇ ಬರೆದು ಮನೆಗೆ ಬರುತ್ತಿದ್ದವು. ಹೋದ ವರ್ಷ ರೋಸಿಂತಾ ಟೀಚರ್ ಬಂದಳು. ಅಕ್ಕಿ ಚೀಲದಲ್ಲಿ ಹಳೆ ಕತೆ ಪುಸ್ತಕಗಳನ್ನು ತುಂಬಿ ಹೊತ್ತು ತಂದಿದ್ದಳು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅವನ್ನು ತೂಗುಹಾಕಿದಳು. ಬೇಕಾದ್ದನ್ನು ಕಿತ್ತುಕೊಂಡು ಓದಿ ಅಂದಳು. ಮನೆಗೂ ಒಯ್ಯಿರಿ, ಹರಿದರೆ ಅನ್ನದ ಗಂಜಿಯಲ್ಲಿ ಅಂಟಿಸೋಣ ಅಂದಳು. ಸಂಜೆಗೊಂದು ಪುಟ ಬರೆಯಬೇಕು. "ಪುಸ್ತಕದಲ್ಲಿರೋದು ಬೇಡ. ನಿಮ್ಮ ಕಣ್ಣಿಗೆ ಕಂಡಿದ್ದು ಬರೀರಿ."

ಒಂಬತ್ತು ವರ್ಷದ ಸೆರ್ತಿಗೆ ಹುಚ್ಚೇ ಹಿಡಿಯಿತು. ಉಪ್ಪುಮೀನು ಕಟ್ಟಿದ ಕಾಗದವನ್ನೂ ಬಿಡಿಸಿ ಓದುವಳು. ಕಾಲು ಮುರಿದ ಕೋಳಿಯ ಮೇಲೆ ಒಂದು ಪುಟ ಬರೆದಳು, ಮಳೆ ಬಂದಾಗ ತಗಡಿನ ಕೆಳಗೆ ಯಾರ ಮಾತೂ ಯಾರಿಗೂ ಕೇಳದ್ದರ ಮೇಲೆ ಇನ್ನೊಂದು. ಸಂಜೆ ಒಲೆಯ ಮುಂದೆ ಅದನ್ನೆಲ್ಲ ಓದಿ ಹೇಳುವಳು. ಇನಾ ಸೆರ್ತಿ ಮರಗೆಣಸಿನ ಸೊಪ್ಪು ಕುಟ್ಟುವುದನ್ನು ನಿಲ್ಲಿಸಿ ಕೇಳುವಳು. ತನ್ನ ಮನೆಯ ಕೋಳಿ ಕಾಗದದ ಮೇಲೆ ಕುಂಟುವುದೆಂದರೇನು! "ಆ ಕೋಳಿದು ಇನ್ನೊಂದ್ಕಿತ ಓದು ಮಗಾ," ಅನ್ನುವಳು. ಗಂಡ ಗೊಣಗುತ್ತಿದ್ದ. "ಓದಿ ಇವ್ಳೇನ್ ಸಾಹೇಬ್ತಿ ಆಯ್ತಾಳಾ?" ಅಂದರೂ ಅವನೂ ಕಿವಿಗೊಟ್ಟೇ ಕೂತಿರುತ್ತಿದ್ದ.

ಒಂದು ದಿನ ಹೆಂಗಸರನ್ನೆಲ್ಲ ಸಾಲಿನಿಂದ ಎಬ್ಬಿಸಿ ಶಾಲೆಗೆ ಸುಣ್ಣ ಬಳಿಯಲು ಕಳಿಸಿದರು. ಎಣ್ಣೆ ಕೊಳ್ಳುವ ಹೊರದೇಶದವರು ಶಾಲೆ ನೋಡಲು ಬರುತ್ತಾರಂತೆ. ಇನಾ ಸೆರ್ತಿ ಗೋಡೆ ಬಳಿಯುತ್ತಿದ್ದಾಗ ತೋಟದ ಮ್ಯಾನೇಜರ್ ರಿದ್ವಾನ್ ಸಾಹೇಬ ಬಂದ. ಹಗ್ಗವನ್ನೇ ಹಿಡಿದು ಎಳೆದ. ಪುಸ್ತಕಗಳು ಸುಣ್ಣದ ನೀರಿಗೆ ಬಿದ್ದವು.

"ಇದೇನು ಟೀಚರ್, ಶಾಲೆನೋ ಗುಜರಿ ಅಂಗಡಿನೋ?"

"ಮಕ್ಕಳು ಇದ್ರಲ್ಲೇ ಓದೋದು ಕಲಿತಿದ್ದು ಸಾರ್."

"ಕಲಿತಿದ್ದು ಸಾಕು." ಹಿಂದೆಯೇ ಗಾಜಿನ ಬಾಗಿಲಿನ ಕಪಾಟು ಬಂತು, ಪ್ಲಾಸ್ಟಿಕ್ಕು ಬಿಚ್ಚದ ಹೊಸ ಪುಸ್ತಕಗಳು ಬಂದವು. ಸಾಹೇಬ ಬೀಗ ಹಾಕಿ ಬೀಗದಕೈ ಜೇಬಿಗಿಳಿಸಿದ. "ಅತಿಥಿಗಳು ಬಂದಾಗ ಒಬ್ಬೊಬ್ರ ಕೈಗೂ ಒಂದೊಂದು ಕೊಡೋದು. ಹೋದ್ಮೇಲೆ ಎಣಿಸಿ ವಾಪಸ್. ಈ ನಾಯಿಮಕ್ಕಳ ಕೈ ನೋಡಿ, ಒಂದು ದಿನ ಬಿಟ್ರೆ ಒರೆಸೋ ಬಟ್ಟೆ ಮಾಡ್ತವೆ."

ಅತಿಥಿಗಳ ಮುಂದೆ ಒಂದು ಮಗು ತಾನು ಬರೆದದ್ದನ್ನು ಓದಬೇಕಿತ್ತು. ಚೆನ್ನಾಗಿ ಬರೆಯುವವಳು ಸೆರ್ತಿ. ಅವಳು ಬರೆದದ್ದನ್ನು ಸಾಹೇಬ ನೋಡಲೂ ಇಲ್ಲ. ಆಫೀಸಿನಲ್ಲಿ ಟೈಪು ಮಾಡಿಸಿದ ಹಾಳೆ ಕಳಿಸಿದ. ಸೆರ್ತಿ ಅದನ್ನು ಬಾಯಿಪಾಠ ಮಾಡಿ ಮನೆಯಲ್ಲಿ ಒಪ್ಪಿಸಿದಳು. ತೋಟ, ಹಸಿರು, ಕಂಪನಿಯ ಋಣ ಅಂತೆಲ್ಲ ಇತ್ತು.

"ಚೆಂದಾಗೈತಾ ಅದು?" ಇನಾ ಸೆರ್ತಿ ಕೇಳಿದಳು.

"ಅದ್ರಲ್ಲಿ ಯಾರೂ ಇಲ್ಲ ಇನಾ," ಅಂದಳು ಮಗಳು.

ಅತಿಥಿಗಳು ಬರುವ ದಿನ ಬೆಳಿಗ್ಗೆ ಮೇಸ್ತ್ರಿ ಔಷಧಿ ಹೊಡೆಯುವ ಹೆಂಗಸರಿಗೆಲ್ಲ ಹೊಸ ಕೈಗವಸು, ಮುಖಕ್ಕೆ ಕಟ್ಟುವ ಪಟ್ಟಿ, ಮೊಣಕಾಲುವರೆಗಿನ ಬೂಟು ಹಂಚಿದ. "ಸಂಜೆ ಒಂದೂ ಕಮ್ಮಿ ಆಗ್ಬಾರ್ದು. ಕೆಸರು ಮಾಡ್ಕಂಡ್ರೆ ಚರ್ಮ ಸುಲೀತೀನಿ." ಹೆಂಗಸರು ಹಾಗೇ ಹೋಗಿ ಶಾಲೆಯ ಹಿಂದಿನ ಗೋಡೆಗೆ ಸಾಲಾಗಿ ನಿಂತರು. ಮುಂದಿನ ಕುರ್ಚಿಯಲ್ಲಿ ಇಬ್ಬರು ಅತಿಥಿಗಳು. ಒಬ್ಬಾಕೆ ಬಿಳಿ ಕೂದಲಿನವಳು, ಅಜ್ಜಿಯಂಥ ಮುಖ. ಮಕ್ಕಳ ಕೈಯಲ್ಲಿ ಹೊಸ ಪುಸ್ತಕ. ತೆರೆಯಬಾರದೆಂದು ಹೇಳಿದ್ದರಿಂದ ಮಕ್ಕಳು ಅವನ್ನು ಎದೆಗೆ ಒತ್ತಿಕೊಂಡು ಕೂತಿದ್ದವು.

ಸೆರ್ತಿ ಎದ್ದು ನಿಂತಳು. ಟೈಪು ಮಾಡಿದ ಹಾಳೆಯನ್ನು ಬೆಂಚಿನ ಮೇಲಿಟ್ಟು ಲಂಗದ ಜೇಬಿನಿಂದ ಬೇರೆ ಕಾಗದ ತೆಗೆದಳು.

"ನನ್ನ ಅಮ್ಮನ ಕೈಯಲ್ಲಿ ಏಳು ಉಗುರುಗಳಿವೆ. ಮೊದಲು ಹತ್ತು ಇದ್ದವು. ಅಮ್ಮನಿಗೆ ಮೂಗಿಗೆ ವಾಸನೆ ಬರುವುದಿಲ್ಲ. ಮೀನು ಸೀದರೆ ನಾನು ಹೇಳಬೇಕು. ಕಳೆದ ವರ್ಷ ನನ್ನ ತಮ್ಮ ಹುಟ್ಟಿದ. ಅವನು ಅಳಲಿಲ್ಲ. ಅಪ್ಪ ಅವನನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ನಾಲ್ಕನೇ ಬ್ಲಾಕಿನ ಅಂಚಿನಲ್ಲಿ ಮಣ್ಣು ಮಾಡಿದ. ಅಲ್ಲಿ ಹುಲ್ಲು ಬೆಳೆಯಿತು. ಆಮೇಲೆ ಅಮ್ಮನ ಸಾಲು ಅಲ್ಲಿಗೆ ಬಂತು. ಅಮ್ಮ ಅಲ್ಲಿಗೂ ಔಷಧಿ ಹೊಡೆದಳು."

ಇನಾ ಸೆರ್ತಿಗೆ ಔಷಧಿ ಹೊಡೆದ ಆ ದಿನ ನೆನಪಾಯಿತು. ಆವತ್ತು ಮಗಳು ನೀರಿನ ಕೊಡ ಹಿಡಿದು ಹಿಂದೆ ನಿಂತಿದ್ದಳು. ಎಲ್ಲ ನೋಡಿದ್ದಳಲ್ಲ.

ಸಾಹೇಬ ಪ್ರತಿ ಸಾಲಿಗೂ ಅತಿಥಿಗಳತ್ತ ಬಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಅವನ ಕುತ್ತಿಗೆಯ ನರ ಉಬ್ಬಿತ್ತು, ದನಿ ಮಾತ್ರ ಬೆಣ್ಣೆ. ಬಿಳಿ ಕೂದಲಿನವಳು ತಲೆದೂಗಿ ನಗುತ್ತಿದ್ದಳು. ಅಳದ ತಮ್ಮನ ಮಾತು ಬಂದಾಗಲೂ ನಕ್ಕಳು. ಗೊಬ್ಬರದ ಚೀಲಕ್ಕೂ ನಕ್ಕಳು. ಕೊನೆಗೆ ಚಪ್ಪಾಳೆ ತಟ್ಟಿದಳು. ಇನಾ ಸೆರ್ತಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೂ ಆ ಮಾತಿಗೆ ಯಾವ ದೇಶದ ಹೆಂಗಸೂ ನಗಲಾರಳೆಂದು ಗೊತ್ತಿತ್ತು.

ಅವಳು ಗೋಡೆ ಬಿಟ್ಟು ಮುಂದೆ ನಡೆದಳು. ಮೇಸ್ತ್ರಿ "ಏಯ್" ಅಂದದ್ದು ಕೇಳಿಸಿತು. ಅತಿಥಿಯ ಕುರ್ಚಿಯ ಮುಂದೆ ನಿಂತು, ಹಲ್ಲಲ್ಲಿ ಕಚ್ಚಿ ಕೈಗವಸು ಎಳೆದು ತೆಗೆದು, ಎರಡೂ ಕೈ ಚಾಚಿದಳು.

ನಗು ನಿಂತಿತು. ಸಾಹೇಬ ಬಾಗಿ ಎರಡು ಮಾತು ಹೇಳಿದ. ಆ ಹೆಂಗಸು ಅಯ್ಯೋ ಪಾಪ ಅನ್ನುವಂತೆ ಮುಖ ಮಾಡಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಚೀಲದಿಂದ ಸಣ್ಣ ಸೀಸೆ ತೆಗೆದು ತನ್ನ ಅಂಗೈಗೆ ಎರಡು ಹನಿ ಹಾಕಿಕೊಂಡು ಉಜ್ಜಿಕೊಂಡಳು.

ಆ ಸಂಜೆ ಅಮಾ ಸೆರ್ತಿಯನ್ನು ಆಫೀಸಿಗೆ ಕರೆಸಿದರು. ಹೊರಗೆ ಕುಕ್ಕರುಗಾಲಲ್ಲಿ ಕೂರಿಸಿ ಒಂದು ಗಂಟೆ ಕಾಯಿಸಿ, ಮನೆ ಖಾಲಿ ಮಾಡಿಸ್ತೀವಿ ಅಂದರು. ಅವನು ಬಂದವನೇ ಮಗಳ ಕೆನ್ನೆಗೆ ಬಾರಿಸಿದ. "ನಿನ್ ಅಕ್ಷರಕ್ಕೆ ಬೆಂಕಿ ಬೀಳ! ನಾನ್ ಮಣ್ ಮಾಡಿದ್ದ ನೀನ್ಯಾಕೆ ಅಗದೆ?" ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತ. ಊಟಕ್ಕೆ ಕರೆದರೆ ಬರಲಿಲ್ಲ.

ಮರುದಿನ ಬೆಳಿಗ್ಗೆ ರೋಸಿಂತಾ ಟೀಚರನ್ನು ಕೆಲಸದಿಂದ ತೆಗೆದು ತಾಳೆಗೊನೆಯ ಲಾರಿ ಹತ್ತಿಸಿದರು. ಇನಾ ಸೆರ್ತಿ ಡಬ್ಬಿ ಹೊತ್ತು ಹೋಗುತ್ತಿದ್ದವಳು ನಿಂತಳು.

"ಆ ಯಮ್ಮಂಗೆ ಏನಂದ ಟೀಚರ್ ಅವ್ನು?"

ಟೀಚರ್ ತಲೆ ತಗ್ಗಿಸಿದಳು. "ಮಗಳು ಓದಿದ್ದು ಅಮ್ಮ ಬೆಳೆಸಿದ ಗುಲಾಬಿ ತೋಟದ ಬಗ್ಗೆ ಅಂದ. ನಿನ್ನ ಕೈಗೆ ಅಂಟು ಕಜ್ಜಿ ಅಂದ, ಕಂಪನಿ ಔಷಧಿ ಕೊಡಿಸ್ತಿದೆ ಅಂದ."

"ನಿಮ್ಗೆ ಆ ಭಾಷೆ ಬತ್ತದಲ್ಲ?"

"ಬರುತ್ತೆ. ಅಲ್ಲೇ ನಿಂತಿದ್ದೆ. ಕೆಲಸ ಹೋಗುತ್ತೆ ಅಂತ ಬಾಯಿ ಬಿಡ್ಲಿಲ್ಲ, ಇನಾ ಸೆರ್ತಿ." ಲಾರಿ ಹೊರಟಿತು. ಅವಳ ಅಕ್ಕಿ ಚೀಲ ಖಾಲಿಯಾಗಿ ಮಡಿಲಲ್ಲಿತ್ತು.

ಹೊಸ ಕಪಾಟು ಪಕ್ಕದ ತೋಟದ ಶಾಲೆಗೆ ಹೋಯಿತು. ಅಲ್ಲಿಗೂ ಅತಿಥಿಗಳು ಬರುವುದಿತ್ತು. ಸೆರ್ತಿಯ ಹೆಸರನ್ನು ರಿಜಿಸ್ಟರಿನಿಂದ ಹೊಡೆದು ಹಾಕಿದರು. "ಓದಿದ್ದು ಸಾಕು, ಅವ್ವನ ಜತೆ ನೀರು ಹೊರ್ಲಿ," ಅಂದ ಮೇಸ್ತ್ರಿ. ಸೆರ್ತಿ ಹೊತ್ತಳು. ಕಾಲುವೆಯಿಂದ ಕೊಡದಲ್ಲಿ ನೀರು ತಂದು ಔಷಧಿ ಕಲೆಸುವ ಜಾಗದಲ್ಲಿ ಸುರಿಯುವುದು, ಮತ್ತೆ ಹೋಗುವುದು. ಮೂರು ದಿನ ಅದೇ ಆಯಿತು.

ನಾಲ್ಕನೇ ದಿನ ಹೆಂಗಸರು ಡಬ್ಬಿ ತುಂಬಿಸಿಕೊಳ್ಳುತ್ತಿದ್ದಾಗ ಸೆರ್ತಿ ಕಾಣಲಿಲ್ಲ. ಇನಾ ಸೆರ್ತಿ ಹುಡುಕಿದರೆ, ಗೋದಾಮಿನಿಂದ ತಂದು ಸಾಲಾಗಿ ಇಟ್ಟಿದ್ದ ಔಷಧಿ ಕ್ಯಾನುಗಳ ಮುಂದೆ ಮಂಡಿಯೂರಿ ಕೂತಿದ್ದಳು. ಬೆರಳು ಕ್ಯಾನಿಗೆ ಅಂಟಿಸಿದ್ದ ಚೀಟಿಯ ಮೇಲೆ ಇರುವೆಯಂತೆ ಹರಿಯುತ್ತಿತ್ತು.

"ಅಲ್ಲೇನ್ ಮಾಡ್ತಿದೀಯೇ?"

"ಓದ್ತಿದೀನಿ."

"ಅದ್ರಲ್ಲೇನೈತೆ ಓದಾಕೆ?"

"ಬೋ ಐತೆ ಇನಾ. ಸಣ್ಣ ಸಣ್ಣ ಅಕ್ಸರ."

"ಜೋರಾಗಿ ಓದು ಮತ್ತೆ."

ಸೆರ್ತಿ ಓದಿದಳು. ದೊಡ್ಡ ಪದ ಬಂದಲ್ಲಿ ಎಡವಿ, ಹಿಂದೆ ಹೋಗಿ, ಮತ್ತೆ ಕೂಡಿಸಿ ಓದಿದಳು. "ವಿಷ. ಬರಿಗೈಯಲ್ಲಿ ಮುಟ್ಟಬಾರದು. ಚರ್ಮಕ್ಕೆ ತಾಗಿದರೆ ಕೂಡಲೇ ಸಾಬೂನಿನಿಂದ ತೊಳೆಯಬೇಕು. ಆವಿಯನ್ನು ಉಸಿರಾಡಬಾರದು."

ಪಂಪಿನ ಹಿಡಿ ಆಡಿಸುತ್ತಿದ್ದ ಹೆಂಗಸರು ನಿಲ್ಲಿಸಿದರು. ಒಬ್ಬೊಬ್ಬರಾಗಿ ಸುತ್ತ ಬಂದರು.

"ಖಾಲಿ ಕ್ಯಾನನ್ನು ನೀರು, ಆಹಾರ ಇಡಲು ಬಳಸಬಾರದು."

"ನಮ್ಮನೇಲಿ ಕುಡಿಯೋ ನೀರು ಅದ್ರಲ್ಲೇ ಇಡೋದು," ಅಂದಳು ಯಾರೋ ಹಿಂದಿನಿಂದ. ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಮನೆಯಲ್ಲೂ ಅದೇ ಕ್ಯಾನು.

"ಬಸುರಿ ಹೆಂಗಸರು," ಸೆರ್ತಿ ಓದಿ, ಒಂದು ಕ್ಷಣ ತಾಯಿಯ ಮುಖ ನೋಡಿದಳು.

"ಓದು," ಅಂದಳು ಇನಾ ಸೆರ್ತಿ.

"ಬಸುರಿ ಹೆಂಗಸರು, ಎದೆಹಾಲು ಕುಡಿಸುವವರು ಇದರ ಹತ್ತಿರ ಹೋಗಬಾರದು."

ಮರ್ನಿ ಹೆಗಲ ಪಟ್ಟಿಯಿಂದ ಒಂದು ತೋಳು ಬಿಡಿಸಿಕೊಂಡಳು, ಆಮೇಲೆ ಇನ್ನೊಂದು. ಡಬ್ಬಿ ದೊಪ್ಪನೆ ನೆಲಕ್ಕೆ ಬಿತ್ತು. ಅವಳು ಹೊಟ್ಟೆಯ ಮೇಲೆ ಕೈ ಇಡಲು ಹೋಗಿ, ತನ್ನ ಕೈಯನ್ನೇ ನೋಡಿ, ಇಡದೆ ಗಾಳಿಯಲ್ಲೇ ಹಿಡಿದು ನಿಂತಳು.

ಮೋಟಾರುಬೈಕು ಬಂತು. ಪಾರ್ಮಿನ್ ಅದನ್ನು ನಿಲ್ಲಿಸದೆ ಕೆಳಗೆ ಕೆಡವಿ ಓಡಿ ಬಂದ. "ಏನ್ರೇ ಬೋಸುಡೇರಾ, ಇಲ್ಲೇನ್ ಹರಿಕತೆ ನಡೀತಾ ಐತಾ?" ಅಂದವನೇ ಹುಡುಗಿಯ ಬೆರಳಿನ ಕೆಳಗಿಂದ ಚೀಟಿಗೆ ಉಗುರು ಹಾಕಿ ಪರಪರ ಕಿತ್ತ. ಚೂರುಗಳನ್ನು ಮುಷ್ಟಿಯಲ್ಲಿ ಹಿಸುಕಿ ಕಾಲುವೆಗೆ ಎಸೆದ.

"ಈಗ ಓದೇ, ಓದು ನೋಡಾನ!"

ಇನಾ ಸೆರ್ತಿ ಬೆನ್ನಿನ ಡಬ್ಬಿ ಇಳಿಸಿ ಅವನಿಗೂ ಮಗಳಿಗೂ ನಡುವೆ ಬಂದು ನಿಂತಳು. ಅವಳ ಎಡಕ್ಕೆ ಇನ್ನೊಬ್ಬಳು ಬಂದಳು. ಹಿಂದೆ ನಲವತ್ತು ಕ್ಯಾನು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಸೆರ್ತಿ ಮಂಡಿಯ ಮೇಲೇ ತೆವಳಿ ಪಕ್ಕದ ಕ್ಯಾನಿಗೆ ಸರಿದು, ಅದರ ಚೀಟಿಯ ಮೇಲೆ ಬೆರಳಿಟ್ಟು, ಓದುತ್ತಾ ನಿಲ್ಲಿಸಿದ್ದ ಸಾಲನ್ನು ಹುಡುಕತೊಡಗಿದಳು.