ನಾಲ್ಕನೆಯ ಸ್ಕ್ರೂ

"ಒಳಗಿದ್ದೀನಿ, ಒಳಗಿದ್ದೀನಿ!" ಎಂದು ಕೂಗುತ್ತಲೇ ಸ್ನಾನ ಮಾಡುವುದು ಅತ್ತೆಗೆ ರೂಢಿಯಾಗಿಬಿಟ್ಟಿತ್ತು. ಬಚ್ಚಲಿನ ಚಿಲಕವನ್ನು ನೆಚ್ಚುವ ಹಾಗಿರಲಿಲ್ಲ. ಬಡಗಿ ಆಗಲೇ ಒಮ್ಮೆ ಬಂದು ಹೋಗಿದ್ದ. ಇವತ್ತು ಮತ್ತೆ ಬಂದವನು ಬಚ್ಚಲು, ಮಲಗುವ ಕೋಣೆ, ಅಡುಗೆಮನೆಯ ಹಿಂಬಾಗಿಲು ಎಲ್ಲವನ್ನೂ ಸುತ್ತಿ ನೋಡಿ ತಲೆ ಕೆರೆದುಕೊಂಡ.

"ಒಂದೊಂದು ಚಿಲಕಕ್ಕೂ ನಾಲ್ಕು ಸ್ಕ್ರೂ ಹಾಕಿದ್ದೆ ಅಮ್ಮಾ. ಮೂರು ಇದಾವೆ. ಎಲ್ಲಾದ್ರಲ್ಲೂ ಕೆಳಗಿನ ಎಡಗಡೇದೇ ಇಲ್ಲ."

"ತಾನಾಗೇ ಸಡಿಲ ಆಗಿ ಬಿದ್ದಿರಬೇಕು," ಎಂದಳು ಸೊಸೆ.

"ಬಿದ್ರೆ ನೆಲದ ಮೇಲೆ ಸಿಗಬೇಕಲ್ಲ ಅಕ್ಕಾ? ಯಾರೋ ಬಿಚ್ಚಿದಾರೆ. ನಾಜೂಕಿನ ಕೈ. ಬಾಗಿಲಿನ ಬಣ್ಣಕ್ಕೆ ಒಂದು ಗೀರೂ ಬಿದ್ದಿಲ್ಲ ನೋಡಿ."

"ಪಾಪ, ಎಂಥ ಸಂಕೋಚದ ಕಳ್ಳ," ಎಂದರು ಅತ್ತೆ. "ಬೆಳ್ಳಿ ಲೋಟ ಮುಟ್ಟಿಲ್ಲ. ಬಾಗಿಲಿಗೊಂದರ ಹಾಗೆ ಸ್ಕ್ರೂ ಭಿಕ್ಷೆ ಎತ್ಕೊಂಡು ಹೋಗಿದಾನೆ."

ಬಡಗಿ ನಕ್ಕ. ಸೊಸೆಯೂ ನಕ್ಕಳು. ತನ್ನ ನಗು ಗೋಡೆಯಾಚೆ ಯಾರೋ ನಕ್ಕಂತೆ ಅವಳಿಗೇ ಕೇಳಿಸಿತು. ಅತ್ತೆ ಮಾತ್ರ ನಗುವುದನ್ನು ಬಿಟ್ಟು ಸೊಸೆಯ ಕೈಗಳನ್ನೇ ನೋಡುತ್ತಿದ್ದರು.

ಅವಳು ಅಂಗಿಗಳಿಗೆ ಕಾಲರು ಕೂರಿಸುವವಳು. ಕಾರ್ಖಾನೆಯ ಹೊಲಿಗೆ ವಿಭಾಗ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಸಾಲು ಸಾಲು ಮಶೀನುಗಳ ಕೊನೆಗೆ, ಹಿಂದಿನ ಮೆಟ್ಟಿಲಿಗೆ ಹೋಗುವ ಬಾಗಿಲಿನ ಹತ್ತಿರ ಅವಳ ಜಾಗ. ಕುತ್ತಿಗೆಯಲ್ಲಿ ಸದಾ ಸೀಟಿ ತೂಗಿಸಿಕೊಂಡಿರುವ ಮೇಲ್ವಿಚಾರಕನಿಗೆ ಹೆಂಗಸರೆಲ್ಲ ಸೇರಿ ಸೀಟಿ ಎಂದೇ ಹೆಸರಿಟ್ಟಿದ್ದರು. ಬಟ್ಟೆಯ ಸುರುಳಿಗಳು ಕಳವಾದ ಮೇಲೆ ಸೀಟಿ ಆ ಹಿಂಬಾಗಿಲಿಗೆ ಹೊಸ ಚಿಲಕ ಜಡಿಸಿ, ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿಗಿಳಿಸಿದ್ದ. ಮನೆಯ ಸ್ಕ್ರೂಗಳು ಮಾಯವಾಗತೊಡಗಿದ್ದೂ ಆ ವಾರದಿಂದಲೇ.

ಬಡಗಿ ಬಂದುಹೋದ ದಿನ ಮಧ್ಯಾಹ್ನ ಒಂದು ಕಾಲರಿನ ಮೇಲೆ ಸೂಜಿ ಇಳಿಸಿದ್ದು ಅವಳಿಗೆ ನೆನಪಿತ್ತು. ಆಮೇಲೆ ನೋಡಿದರೆ ಪಕ್ಕದಲ್ಲಿಟ್ಟ ಚಹಾ ತಣಿದು ಕೆನೆಗಟ್ಟಿತ್ತು. ಹೊಲಿದ ಕಾಲರುಗಳು ಬುಟ್ಟಿ ತುಂಬಿದ್ದವು. ನಡುವೆ ಏನೂ ಇಲ್ಲ. ಮರೆವು ಅನ್ನುವ ಹಾಗೂ ಇಲ್ಲ. ಮರೆತದ್ದಕ್ಕೆ ಬಾಲದ ತುದಿಯಾದರೂ ಉಳಿದಿರುತ್ತದೆ. ಇದು ಬಟ್ಟೆಯ ನಡುವಿನ ಪಟ್ಟಿಯನ್ನು ಕತ್ತರಿಸಿ ತೆಗೆದು, ಎರಡು ಅಂಚುಗಳನ್ನು ಹೊಲಿಗೆ ಕಾಣದಂತೆ ಕೂಡಿಸಿದ ಹಾಗಿತ್ತು.

"ಎಲ್ಲಿಗೆ ಹೋಗಿದ್ರಿ ಅಕ್ಕಾ?" ಪಕ್ಕದ ಮಶೀನಿನ ಹುಡುಗಿ ಕೇಳಿದಳು. ಬಾಯಿ ಮುಚ್ಚದ ಅವಳನ್ನು ಎಲ್ಲರೂ ಪಟಾಕಿ ಅನ್ನುತ್ತಿದ್ದರು. "ಎಷ್ಟು ಸಲ ಕರೆಯೋದು!"

"ಇಲ್ಲೇ ಇದ್ನಲ್ಲೇ."

"ನೀವಿದ್ರಿ. ಒಳಗೆ ಯಾರೂ ಇದ್ದ ಹಾಗಿರ್ಲಿಲ್ಲ," ಎಂದು ಪಟಾಕಿ ಕಿಸಕ್ಕನೆ ನಕ್ಕಳು. "ತುಟಿ ಬೇರೆ ಅಲ್ಲಾಡ್ತಿತ್ತು. ಭಾವನ ಜೊತೆ ಜಗಳಾನಾ?"

ಅವಳು ಉತ್ತರ ಕೊಡಲು ಹೊರಟಳು. 'ಭಾವ' ಅನ್ನುವ ಮಾತು ಕಿವಿಗೆ ಬಿತ್ತು, ಅರ್ಥ ಮಾತ್ರ ತಡೆದು ತಡೆದು ಬಂತು. ಅಷ್ಟರಲ್ಲಿ ಬಾಬಿನ್ನಿನ ದಾರ ಮುಗಿಯಿತು. ಹೊಸದಕ್ಕೆಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದಳು.

ಬಾಬಿನ್ನುಗಳ ನಡುವೆ ಸ್ಕ್ರೂಗಳಿದ್ದವು. ತುಕ್ಕು ಹಿಡಿದದ್ದು ಬಚ್ಚಲಿನದು. ಹಸಿರು ಬಣ್ಣ ಅಂಟಿದ್ದು ಮಲಗುವ ಕೋಣೆಯದು. ಜಿಡ್ಡಾದದ್ದು ಅಡುಗೆಮನೆಯದು. ಪಕ್ಕದಲ್ಲೇ ಸೂಜಿ ಬದಲಿಸುವ ಅವಳ ಪುಟ್ಟ ಸ್ಕ್ರೂಡ್ರೈವರ್, ಮಲಗಿಸಿದ ಮಗುವಿನ ಹಾಗೆ ಬಟ್ಟೆಯ ಚೂರಿನಲ್ಲಿ ಸುತ್ತಿಕೊಂಡಿತ್ತು.

ಅವಳು ಬಲಗೈಯನ್ನು ಮಶೀನಿನ ಮೇಲಿಟ್ಟು ನೋಡಿದಳು. ಯಾರೋ ಬಿಟ್ಟುಹೋದ ಕೈ. ಮಡಚು ಎಂದಳು ಮನಸ್ಸಿನಲ್ಲೇ. ಅದು ತುಸು ಯೋಚಿಸಿ ಮಡಚಿಕೊಂಡಿತು.

ಆಗ ಹಿಂಬಾಗಿಲಿನ ಆಚೆಯಿಂದ ಯಾರೋ ಮೆಲ್ಲಗೆ ಬಡಿದರು. ಪಟಾಕಿ ತಲೆಯೆತ್ತಲಿಲ್ಲ. ಯಾರೂ ಎತ್ತಲಿಲ್ಲ.

ಮನೆಗೆ ಬಂದವಳೇ ಸ್ಕ್ರೂಗಳನ್ನು ಅತ್ತೆಯ ಮುಂದೆ ಸುರಿದಳು. "ನನಗೆ ಹುಚ್ಚು ಹಿಡೀತಿದೆ ಅತ್ತೆ. ಇವನ್ನ ನಾನು ಬಿಚ್ಚಿಲ್ಲ. ಬಿಚ್ಚಿದವಳೂ ನಾನೇ."

ಅತ್ತೆಗೆ ಆಶ್ಚರ್ಯವಾಗಲಿಲ್ಲ. "ರಜದ ದಿನ ನೋಡಿದೆ ಕಣೇ. ನೀನು ಅಡುಗೆಮನೆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ನಾನು ಕರೆದೆ. ನೀನು ತಿರುಗಿ ನೋಡಿದೆ. ನೋಡಿದ್ದು ಮಾತ್ರ ನೀನಲ್ಲ. 'ಇರು ಗುಬ್ಬಿ, ಇನ್ನೊಂದೇ ಒಂದು' ಅಂದೆ."

"ಗುಬ್ಬಿನಾ? ಅವಳು ಮದುವೆಯಾಗಿ ದೂರದೂರಿಗೆ ಹೋಗಿ ಎಷ್ಟು ವರ್ಷ ಆಯ್ತು!"

ಗುಬ್ಬಿ ಹಳೆಯ ಕೆಲಸದ ಜಾಗದಲ್ಲಿ ಅವಳ ಪಕ್ಕದ ಮಶೀನಿನ ಗೆಳತಿ. ಆ ಮದುವೆ ಅವಳಿಗೆ ಚೆನ್ನಾಗಿ ನೆನಪಿತ್ತು. ಹೂವಿನ ರಾಶಿಯ ನಡುವೆ ಕೆಂಪು ಸೀರೆಯ ಗುಬ್ಬಿ, ಸುತ್ತ ಜನ.

"ಗಂಡಿನ ಮುಖ ಹೇಗಿತ್ತು?" ಅತ್ತೆ ಮೆಲ್ಲಗೆ ಕೇಳಿದರು.

ಅವಳು ಹುಡುಕಿದಳು. ಗಂಡು ಇರಲಿಲ್ಲ. ವಾದ್ಯದ ಸದ್ದೂ ಇರಲಿಲ್ಲ. ತಾನು ಎಲ್ಲಿ ನಿಂತಿದ್ದೆ ಎಂದು ನೋಡಿಕೊಂಡರೆ, ನೆಲದ ಮೇಲೆಲ್ಲೂ ನಿಂತಿರಲಿಲ್ಲ. ಎಲ್ಲವೂ ಚಾವಣಿಯಿಂದ ಕಂಡ ಹಾಗೆ ಕಾಣುತ್ತಿತ್ತು. ಗುಬ್ಬಿ ಮಲಗಿದ್ದಳು.

"ಅದು ಮದುವೆ ಅಲ್ಲ ಮಗಳೇ."

ಅತ್ತೆ ಅವಳ ಅಂಗೈಯನ್ನು ಹಿಡಿದುಕೊಂಡರು. ಇಸ್ತ್ರಿಪೆಟ್ಟಿಗೆ ತಾಗಿದ್ದೆಂದು ಅವಳು ಎಲ್ಲರಿಗೂ ಹೇಳುತ್ತಿದ್ದ ಕಲೆಯ ಮೇಲೆ ಬೆರಳಾಡಿಸಿದರು. "ಆವತ್ತು ಹಳೇ ಕೆಲಸದ ಜಾಗದಲ್ಲಿ ನೀನು ದಾರ ತರೋಕೆ ಕೆಳಗೆ ಹೋಗಿದ್ದೆ. ಮೇಲೆ ಬೆಂಕಿ ಬಿತ್ತು. ಉಳಿದವರು ಮುಂದಿನ ಬಾಗಿಲಿಂದ ಬಂದ್ರು. ಗುಬ್ಬಿ ಹಿಂಬಾಗಿಲ ಹತ್ರ ಸಿಕ್ಕಿಕೊಂಡ್ಳು. ಮೆಟ್ಟಿಲ ಕಡೆಯಿಂದ ಬೀಗ. ನಿನ್ನ ಸೊಂಟದಲ್ಲಿ ಇದೇ ಪುಟ್ಟ ಸ್ಕ್ರೂಡ್ರೈವರ್ ಇತ್ತು. ಹಿಂದಿನ ಮೆಟ್ಟಿಲು ಹತ್ತಿ ಹೋಗಿ ಚಿಲಕದ ಮೂರು ಸ್ಕ್ರೂ ಬಿಚ್ಚಿದ್ಯಂತೆ. ನಾಲ್ಕನೇದು, ಕೆಳಗಿನ ಎಡಗಡೇದು, ಬಿಚ್ಚೋದ್ರೊಳಗೆ ಜನ ನಿನ್ನ ಎಳ್ಕೊಂಡು ಬಂದ್ರು. ಆಸ್ಪತ್ರೇಲಿ ಕಣ್ಣು ಬಿಟ್ಟು, 'ಗುಬ್ಬಿ ಮದುವೆ ಚೆನ್ನಾಗಾಯ್ತು' ಅಂದೆ. ಆ ಮಾತು ಕಿತ್ಕೊಳ್ಳೋಕೆ ನಮಗ್ಯಾರಿಗೂ ಮನಸ್ಸು ಬರಲಿಲ್ಲ."

ಅವಳಿಗೆ ಅಳು ಬರಲಿಲ್ಲ. ಯಾರೋ ಇನ್ನೊಬ್ಬ ಹೆಂಗಸಿನ ಕಥೆ ಕೇಳಿದ ಹಾಗಿತ್ತು. ಆ ಹೆಂಗಸಿನ ಬಗ್ಗೆ ಮಾತ್ರ ತುಂಬ ಮರುಕವಾಯಿತು. ಪಾಪ, ಇಷ್ಟು ವರ್ಷ ಒಬ್ಬಳೇ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದಾಳೆ.

ಮರುದಿನ ಕೆಲಸದ ನಡುವೆ ಮತ್ತೆ ಬಡಿತ ಕೇಳಿತು. ಮಶೀನುಗಳ ಸದ್ದು ದೂರವಾಗತೊಡಗಿತು. ಇದು ಶುರುವಾಗುವ ಬಗೆ ಅವಳಿಗೀಗ ಗೊತ್ತಿತ್ತು. ಬೆರಳ ತುದಿ ಮರಗಟ್ಟುವುದು, ಬೆಳಕು ತೆಳ್ಳಗಾಗುವುದು, ತಾನು ಮೇಲಕ್ಕೆ, ಚಾವಣಿಯತ್ತ ತೇಲುವುದು. ಅವಳು ಪುಟ್ಟ ಸ್ಕ್ರೂಡ್ರೈವರನ್ನು ಗಟ್ಟಿಯಾಗಿ ಹಿಡಿದು, ಅದರ ತುದಿಯನ್ನು ಅಂಗೈಯ ಕಲೆಗೆ ಒತ್ತಿಕೊಂಡಳು. ನೋವಾಯಿತು. ಆ ನೋವಿನ ಹತ್ತಿರವೇ ನಿಂತುಕೊಂಡಳು.

"ಇರು, ನಾನೂ ಬರ್ತೀನಿ," ಎಂದಳು ತನ್ನ ಕೈಗೆ.

ಹಿಂಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೀಗದ ತಂಟೆಗೆ ಹೋಗದೆ ಚಿಲಕದ ಕೆಳಗಿನ ಎಡಗಡೆಯ ಸ್ಕ್ರೂವಿಗೆ ತುದಿ ಕೊಟ್ಟಳು. ಅದು ಜಾರಿತು, ಮತ್ತೆ ಕೊಟ್ಟಳು.

"ಏನ್ರೀ ಮಾಡ್ತಿದ್ದೀರಾ ಅಲ್ಲಿ?" ಸೀಟಿ ಓಡಿಬಂದ. "ಕೆಲಸ ಬೇಡ್ವಾ ನಿಮಗೆ?"

"ಬೇಕು ಸಾರ್. ಇವರಿಗೆಲ್ಲ ಜೀವಾನೂ ಬೇಕು. ಇದು ತೆಗೆದೇ ಇರ್ಬೇಕು."

"ಕಳ್ಳರು ಬಂದ್ರೆ ನೀವು ಕೊಡ್ತೀರಾ ಬಟ್ಟೆ ದುಡ್ಡು? ಏಳ್ರೀ ಮೇಲೆ!" ಅವನು ಸೀಟಿ ಊದಿದ.

"ಊದಿ ಸಾರ್, ಇನ್ನೂ ಜೋರಾಗಿ ಊದಿ," ಎಂದಳು ಪಟಾಕಿ ಎದ್ದು ಬಂದು. "ಬೆಂಕಿ ಬಿದ್ರೆ ಅದನ್ನೂ ಊದಿ ಆರಿಸ್ತೀರೇನೋ."

ಒಂದೊಂದಾಗಿ ಮಶೀನುಗಳು ನಿಂತವು. ಅವಳಿಗೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ಹತ್ತಿರದಿಂದ. ಹಣೆಯ ಬೆವರು ಕಣ್ಣಿಗಿಳಿದದ್ದು ಗೊತ್ತಾಯಿತು. ನಾಲ್ಕನೆಯ ಸ್ಕ್ರೂ ಕಿರುಗುಟ್ಟುತ್ತ ತಿರುಗಿ ಅಂಗೈಗೆ ಬಿತ್ತು. ಬೆಚ್ಚಗಿತ್ತು. ಇದನ್ನು ಬಿಚ್ಚಿದ್ದು ತಾನೇ. ಇದು ನೆನಪಿರುತ್ತದೆ. ಉಳಿದ ಮೂರು ಸಲೀಸಾಗಿ ಬಂದವು.

ಚಿಲಕ ಬೀಗದ ಸಮೇತ ಜೋತುಬಿತ್ತು. ಬಾಗಿಲು ತೆರೆಯಿತು. ಆಚೆ ಬರಿಯ ಮೆಟ್ಟಿಲು, ಹಗಲಿನ ಬೆಳಕು. ಯಾರೂ ಇರಲಿಲ್ಲ.

ಸುಟ್ಟ ಬಟ್ಟೆಯ ತೆಳುವಾದ ವಾಸನೆಯೊಂದು ಅವಳ ಕೆನ್ನೆಯನ್ನು ಸವರಿಕೊಂಡು ಹೋಯಿತು. ಆಮೇಲೆ ಯಾರೋ ಹಗುರವಾಗಿ, ಆತುರಾತುರವಾಗಿ ಮೆಟ್ಟಿಲಿಳಿಯುವ ಸದ್ದು.

"ಯಾರಕ್ಕಾ ಅದು?" ಬೆನ್ನ ಹಿಂದೆ ಪಟಾಕಿ ಪಿಸುಗುಟ್ಟಿದಳು. ಅವಳ ದನಿಯಲ್ಲಿ ನಗು ಇರಲಿಲ್ಲ. "ಈಗ ಕೆಳಗೆ ಹೋಗಿದ್ದು?"

ಆಗ ಅವಳಿಗೆ ಅಳು ಬಂತು.