ಬಿಳಿ ವೈರು, ಹಳದಿ ವೈರು

ಅಪ್ಪ ಹಳೇ ಕಾರಿನ ಕೀ ಒಂದು ಹಂತ ತಿರುಗಿಸಿದ್ದಷ್ಟೇ, ಸ್ಟಾರ್ಟರ್ ತಾನಾಗಿಯೇ ಕಿರುಚತೊಡಗಿತು. ಇಂಜಿನ್ ಮಾತ್ರ ಹತ್ತಲಿಲ್ಲ. ಅಪ್ಪ ಕೀ ಕಿತ್ತು ನನ್ನ ಮುಖ ನೋಡಿದರು.

"ಕೀ ಸ್ವಿಚ್ಚೇ ಕೆಟ್ಟಿದೆ," ಅಂದರು.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮಾವ ಗಡಿಯಾರ ನೋಡಿಕೊಂಡ. ಇವನು ಅಮ್ಮನ ತಮ್ಮ, ಮೂರು ಶಾಲಾ ವ್ಯಾನುಗಳ ಒಡೆಯ. ಅದರಲ್ಲೊಂದನ್ನು ಅಪ್ಪ ಹದಿನೆಂಟು ವರ್ಷದಿಂದ ಓಡಿಸುತ್ತಿದ್ದಾರೆ. ಕಳೆದ ತಿಂಗಳು ವ್ಯಾನು ಗೇಟಿನ ಕಂಬಕ್ಕೆ ಉಜ್ಜಿದ ಮೇಲೆ ಮಾವನಿಗೆ ಅಪ್ಪನ ಕೈ ಕಣ್ಣಿನ ಮೇಲೆ ಅನುಮಾನ, ಅಪ್ಪನಿಗೆ ಅವಮಾನ. "ನನ್ನ ಹಳೇ ಕಾರಿಗೆ ಪೂರ್ತಿ ವೈರಿಂಗ್ ನಾನೇ ಮಾಡ್ತೀನಿ. ಹತ್ತಿದ್ರೆ ವ್ಯಾನು ನಾನೇ ಓಡಿಸ್ತೀನಿ, ಹತ್ತದಿದ್ರೆ ಅದರ ಕೀ ನಿಂಗೆ," ಎಂದು ಅಪ್ಪ ಎಲ್ಲರೆದುರು ಸವಾಲು ಹಾಕಿದ್ದರು. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ಸವಾಲೇ.

"ಹತ್ತು ನಿಮಿಷ ಕೊಡು ಮಾವ. ಸ್ವಿಚ್ ಕೆಟ್ರೆ ಅದಕ್ಕೆ ಅಪ್ಪ ಏನ್ ಮಾಡ್ತಾರೆ?" ಎಂದು ರೇಗಿದೆ. ಗಾಡಿಗಳ ವೈರಿಂಗ್ ನನ್ನ ಕಸುಬು, ಕಲಿಸಿದ್ದು ಅಪ್ಪನೇ. ಅವರ ಪರವಾಗಿ ಜಗಳಕ್ಕೆ ನಿಲ್ಲುವುದೂ ನನಗೆ ರೂಢಿ. ಮಾವ ಫೋನ್ ಹಿಡಿದು ಹೊರಗೆ ಹೋದ.

ಬ್ಯಾಟರಿ ಬಿಚ್ಚಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದೆ. ನಾವು ವೈರುಗಳಿಗೆ ಚೀಟಿ ಅಂಟಿಸುವವರಲ್ಲ. ಚೀಟಿ ಬೇಕಾದವರು ಪೋಸ್ಟ್ ಆಫೀಸಿಗೆ ಹೋಗಲಿ ಎನ್ನುತ್ತಿದ್ದರು ಅಪ್ಪ. ನಮಗೆ ಬಣ್ಣವೇ ಗುರುತು. ಕಿಡಿ ಕೊಡುವ ಕಾಯಿಲ್‌ಗೆ ಬಿಳಿ, ಇಂಜಿನ್ ತಿರುಗಿಸುವ ಸ್ಟಾರ್ಟರ್‌ಗೆ ಹಳದಿ. ಸ್ವಿಚ್ಚಿನ ಹಿಂಬದಿಗೆ ಬೆಳಕು ಬಿಟ್ಟೆ. ಬಿಳಿಯ ಜಾಗದಲ್ಲಿ ಹಳದಿ ಇತ್ತು, ಹಳದಿಯ ಜಾಗದಲ್ಲಿ ಬಿಳಿ.

ಟಾರ್ಚನ್ನು ಬಾಯಿಂದ ತೆಗೆದು, ಎರಡನ್ನೂ ಬಿಚ್ಚಿ ಅಪ್ಪನ ಕಡೆ ಎಳೆದು ಹಿಡಿದೆ.

"ಹಳದಿ ಯಾವ್ದು?"

ಅಪ್ಪ ಬಗ್ಗಿದರು. ಮುಖ ಹತ್ತಿರ ತಂದರು, ದೂರ ಸರಿಸಿದರು. ಬೆರಳು ಬಿಳಿಯ ಮೇಲೆ ಹೋಗಿ ನಿಂತಿತು.

"ಯಾವಾಗಿಂದ ಹೀಗೆ?"

"ಏಳೆಂಟು ತಿಂಗ್ಳಾಯ್ತು. ಎಲ್ಲಾ ಮಬ್ಬು ಮಬ್ಬು. ಡಾಕ್ಟರ್ ಹತ್ರ ಹೋಗಿದ್ದೆ, ಸರಿ ಮಾಡಕ್ಕಾಗಲ್ಲ ಅಂದ್ರು." ದನಿ ಇಳಿಸಿದರು. "ನಿನ್ ಮಾವನಿಗೆ ಹೇಳ್ಬೇಡ ಮಗಳೇ. ಆ ವ್ಯಾನಿನ ಮಕ್ಕಳಿಲ್ದೆ ಮನೇಲಿ ಕೂತು ನಾನೇನ್ ಮಾಡ್ಲಿ?"

ನಾನು ಟಾರ್ಚನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡೆ. ವೈರುಗಳನ್ನು ಅದಲು ಬದಲು ಮಾಡಿ ಬಿಗಿದೆ. ಬ್ಯಾಟರಿ ಸೇರಿಸಿದೆ. ಅಪ್ಪ ಕೀ ತಿರುಗಿಸಿದರು. ಒಂದೇ ಏಟಿಗೆ ಇಂಜಿನ್ ಹತ್ತಿತು. ಸದ್ದು ಕೇಳಿ ಮಾವ ಓಡಿ ಬಂದ.

"ಏನಾಗಿತ್ತು ಭಾವ?"

"ಸ್ವಿಚ್ಚು," ಅಂದರು ಅಪ್ಪ, ನನ್ನ ಕಡೆ ನೋಡದೆ.

"ಗೆದ್ಬಿಟ್ರಲ್ಲ! ಸರಿ, ನಾಳೆ ಬೆಳಿಗ್ಗೆ ಏಳಕ್ಕೆ ವ್ಯಾನು ತಗೊಳ್ಳಿ. ಹನ್ನೊಂದು ಮಕ್ಳು."

ಹನ್ನೊಂದು. ಸುಮ್ಮನಿದ್ದುಬಿಡು ಎಂದಿತು ಮನಸ್ಸು. ಹೇಳಿದರೆ ಅಪ್ಪ ನನ್ನನ್ನು ಕ್ಷಮಿಸುವುದಿಲ್ಲ; ನನಗೆ ಅಪ್ಪ ಬೇಕಿತ್ತು.

"ಸ್ವಿಚ್ ಸರಿಯಾಗೇ ಇತ್ತು ಮಾವ. ಅಪ್ಪ ವೈರ್ ತಪ್ಪು ಹಾಕಿದ್ರು. ಅವ್ರಿಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ."

ಅಪ್ಪ ಇಂಜಿನ್ ಆರಿಸಿದರು. ಬೈದಿದ್ದರೆ ನಾನೂ ತಿರುಗಿ ಕೂಗಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿದರು.

ಮನೆಗೆ ಹೊರಡುವಾಗ ನಾನು ಸ್ಟಿಯರಿಂಗ್ ಹಿಡಿದು, ಪಕ್ಕದ ಸೀಟಿನ ಬಾಗಿಲನ್ನು ಒಳಗಿನಿಂದಲೇ ತೆರೆದೆ. ಅಪ್ಪ ಹಿಂದಿನ ಸೀಟಿಗೆ ಹೋಗಿ ಕೂತರು.